ಬಲಗೈಯ ತೋಳು

ದಾರದ ಒಂದು ಎಳೆ ಹೊರಗೆ ಬಂದಿದೆ, ಎದುರು ಬೆಂಚಿನ ಗಡ್ಡದವನ ಭುಜದ ಹತ್ರ, ಬೆಕ್ಕಿನ ಮೀಸೆಯಷ್ಟು ಸಣ್ಣದು, ಅವನು ಉಸಿರಾಡಿದಾಗೆಲ್ಲ ಅಲ್ಲಾಡ್ತಿದೆ, ಪಾಪ ಅವನಿಗೇನೂ ಗೊತ್ತಿಲ್ಲ, ಎದ್ದು ಹೋಗಿ ಎಳೆದುಬಿಡ್ಲಾ ಅನ್ಸುತ್ತೆ ಅವಳಿಗೆ, ಎಳೆದ್ರೆ ಬಿಚ್ಕೊಳ್ಳುತ್ತೆ, ಬಿಚ್ಕೊಳ್ಳೋಕೆ ಶುರುವಾದ್ರೆ ನಿಲ್ಲಲ್ಲ, ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು — ಅವಳ ಕೈ ತೊಡೆ ಮೇಲಿನ ಗಂಟಿನ ಮೇಲಿದೆ, ಹಳೇ ಬೆಡ್‌ಶೀಟಲ್ಲಿ ಸುತ್ತಿರೋ ಕೋಟು, ಕಡುನೀಲಿ, ಎರಡು ತೋಳೂ ಇವೆ, ಎಡದ್ದೂ ಇದೆ ಬಲದ್ದೂ ಇದೆ, ಬಸ್ಸಲ್ಲಿ ಬರ್ತಾ ಪದೇ ಪದೇ ಮುಟ್ಟಿ ನೋಡ್ಕೊಂಡಿದಾಳೆ, ಮಲಗಿರೋ ಮಗು ಉಸಿರಾಡ್ತಿದೆಯಾ ಅಂತ ಮೂಗಿನ ಹತ್ರ ಬೆರಳಿಡ್ತಾರಲ್ಲ, ಹಾಗೆ. ರಂಗಮಂದಿರದ ಹಿಂದಿನ ಪ್ಯಾಸೇಜು ಇದು, ಒದ್ದೆ ಬಣ್ಣದ ವಾಸನೆ, ನುಸಿಗುಳಿಗೆ ವಾಸನೆ, ಆ ಹಸಿರು ಬಾಗಿಲ ಹಿಂದೆ ಉಡುಪಿನ ಕೋಣೆ, ರಾಜಂದು ಸಿಪಾಯಿದು ದೆವ್ವದ್ದು ಎಲ್ಲರ ಬಟ್ಟೆ ಹುಟ್ಟೋ ಕೋಣೆ, ಅಲ್ಲಿಗೆ ಒಬ್ಬರು ಟೈಲರ್ ಬೇಕು, ಒಬ್ಬರೇ, ತಾವೇ ಕತ್ತರಿಸಿ ತಾವೇ ಹೊಲಿದ ಒಂದು ಕೋಟು ತಂದು ಕೊಡ್ಬೇಕು, ಇವತ್ತೇ, ಪೂರ್ತಿ ಮುಗಿದಿದ್ದು. ಪೂರ್ತಿ ಅನ್ನುವಾಗ ಆ ಕೋಣೆ ನೋಡ್ಕೊಳ್ಳೋ ಮೇಡಮ್ಮು ಅವಳನ್ನೇ ನೋಡಿದ್ರು, ನೋಡ್ದೆ ಇರ್ತಾರಾ, ಹೋದ ವರ್ಷ ಇದೇ ಬೆಂಚಲ್ಲಿ ಕೂತು, ಇದೇ ಪರ್ಸಿಂದ ಅರ್ಧ ಬ್ಲೇಡು ತೆಗೆದು, ಆಗ ತಂದಿದ್ದ ಬೇರೊಂದು ಕೋಟಿನ, ಚೆನ್ನಾಗೇ ಕೂತಿದ್ದ ತೋಳನ್ನ, ಒಂಚೂರು ಸರಿ ಮಾಡೋಣ ಅಂತ, ಬಿಚ್ಚಿ, ಬಿಚ್ಚಿದ ಮೇಲೆ ಒಳಗೆ ಹೋಗಿ, ಮೇಡಂ ಇನ್ನೂ ರೆಡಿ ಆಗಿಲ್ಲ ಅಂದಿದ್ಲು, ಸತ್ತ ಕೋಳಿ ಹಿಡ್ಕೊಂಡ ಹಾಗೆ ಆ ತೋಳು ಹಿಡ್ಕೊಂಡು, ಮೇಡಮ್ಮು ಕನ್ನಡಕ ಕೆಳಗಿಳಿಸಿ, ಅಯ್ಯೋ, ಇದೊಂದು ಮುಗಿದಿದ್ರೆ ನಿನ್ನನ್ನೇ ತಗೋತಿದ್ನಲ್ಲಮ್ಮ ಅಂದ್ರು, ಬೈಯಲೂ ಇಲ್ಲ, ಬೈದಿದ್ರೆ ಚೆನ್ನಾಗಿತ್ತು, ಮನೆಗೆ ಹೋಗಿ ಅವರನ್ನ ಬೈಕೊಂಡು ಮಲಗಬಹುದಿತ್ತು.

ಬ್ಲೇಡು ಇವತ್ತೂ ಇದೆ ಪರ್ಸಲ್ಲಿ, ಕಾಗದದಲ್ಲಿ ಸುತ್ತಿ, ಬಿಟ್ಟು ಬರಬೇಕಿತ್ತು, ಬಿಟ್ಟು ಬರೋಕೆ ಕೈ ಬರಲಿಲ್ಲ. ಅಂಗಡಿಲಿ ಅವಳ ಹೆಸರೇ ನಾಳೆಮ್ಮ, ಕಾಜಾ ಹಾಕೋ ಅಣ್ಣ ಇಟ್ಟಿದ್ದು, ಗುಂಡಿ ತೂರೋ ತೂತಿಗೆ ದಾರ ಸುತ್ತೋದು ಬಿಟ್ರೆ ಅವನಿಗಿರೋ ಇನ್ನೊಂದು ಕೆಲಸ ಅಂದ್ರೆ ಜನಕ್ಕೆ ಹೆಸರಿಡೋದು, ನಾಳೆಮ್ಮಾ, ನಿನ್ನ ಮದುವೆ ಬಟ್ಟೆ ಮಾತ್ರ ನೀನು ಹೊಲ್ಕೋಬೇಡ ತಾಯಿ, ಹುಡುಗ ಮುದುಕ ಆಗಿರ್ತಾನೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಮಾಸ್ಟ್ರು ಮಾತ್ರ ನಗಲಿಲ್ಲ, ಮಾಸ್ಟ್ರು ಚಾಕ್ ಹಿಡಿದ ಕೈ ಎತ್ತದೇ, ಗಿರಾಕಿ ಬಟ್ಟೆ ಯಾವತ್ತಾದ್ರೂ ತಡ ಮಾಡಿದಾಳೇನೋ ಅವಳು ಅಂದ್ರು. ಹೌದಲ್ಲ. ಮಾಡಿಲ್ಲ. ಗಿರಾಕಿ ಬಟ್ಟೆ ಸರಸರ ಮುಗಿಯುತ್ತೆ, ಅದರ ಕಾಲರ್ ಒಳಗೆ ಮಾಸ್ಟ್ರ ಹೆಸರಿರುತ್ತೆ, ಚೆನ್ನಾಗಿದ್ರೆ ಅವರಿಗೆ ಕೆಟ್ರೂ ಅವರಿಗೆ, ಅವಳ ಹೆಸರಲ್ಲಿ ಹೋಗೋ ಬಟ್ಟೆ ಇದೆಯಲ್ಲ ಅದಕ್ಕೇ ಬ್ಲೇಡು, ಮುಗಿಸಿದ್ರೆ ತಾನೇ ಚೆನ್ನಾಗಿಲ್ಲ ಅನ್ನೋದು, ಮುಗೀದೇ ಇರೋದನ್ನ ಯಾರು ಏನಂತಾರೆ, ಮುಗಿದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಅವಳೇ ತನ್ನೊಳಗೆ ಅಂದ್ಕೊಂಡು ಬೆಚ್ಚಗೆ ಇರಬಹುದು, ಸ್ಕೂಲಲ್ಲಿ ನದಿಯ ಚಿತ್ರ ಬರೆದು ಟೀಚರ್ ಮೇಜು ತಲುಪೋ ಮೊದಲೇ ಹರಿದು ಹಾಕಿದ್ಲಲ್ಲ ಆಗ್ಲೇ ಕಲಿತಿದ್ದು ಈ ಬೆಚ್ಚಗಿರೋದು, ಆಮೇಲೆ ಒಂದು ದೊಡ್ಡ ಅಂಗಡಿಯವರು ಕೆಲಸಕ್ಕೆ ಬಾ ಅಂದ ದಿನ ಬೆಳಗ್ಗೆಯಿಂದ ಒಂದೇ ಅಂಗಿ ಇಸ್ತ್ರಿ ಮಾಡ್ತಾ ಮಾಡ್ತಾ, ಒಂದು ಸುಕ್ಕು ಹೋದ್ರೆ ಇನ್ನೊಂದು, ಬಸ್ಸು ಹೋಯ್ತು, ಹೋಗಿದ್ದು ಗೊತ್ತಾದಾಗ ಎದೆ ಹಗುರ ಆಯ್ತು, ಅದೇ ಭಯ ಅವಳಿಗೆ, ಆ ಹಗುರ. ಎಣ್ಣೆ ಬಂದಾಗ ಕಣ್ಣು ಮುಚ್ಕೋತೀಯಲ್ಲೇ ಅಂತ ತಂಗಿ ಬೈತಿದ್ಲು, ಅಪ್ಪ ಬೈತಿರಲಿಲ್ಲ, ಅಪ್ಪ ಬರೀ ಕೈ ಚಾಚಿ —

ಬೇಡ, ಅದು ಈಗ ಬೇಡ. ಗಡ್ಡದವನನ್ನ ಒಳಗೆ ಕರೆದ್ರು, ಭುಜದ ದಾರ ಹಾಗೇ ಅಲ್ಲಾಡಿಸ್ಕೊಂಡು ಹೋದ, ಬಾಗಿಲು ಮುಚ್ಚಿತು, ಇನ್ನು ಅವಳೊಬ್ಬಳೇ. ಕಡುನೀಲಿ ಬಟ್ಟೆ, ಅಪ್ಪನೇ ತಂದಿದ್ದು, ಎರಡು ಕೋಟಿಗಾಗೋಷ್ಟು, ಇಷ್ಟ್ಯಾಕಪ್ಪಾ ಅಂದ್ರೆ, ಒಂದು ನಂಗೆ, ಇನ್ನೊಂದು ನೀನು ಕೆಡಿಸೋಕೆ, ಕೆಡಿಸ್ದೆ ಯಾರಮ್ಮ ಕಲಿತಿದಾರೆ, ನಾನು ಬಸ್ಸು ಕಲೀವಾಗ ಎರಡು ಗೋಡೆ ಕೆಡವಿದೀನಿ ಅಂದ. ಇಡೀ ಜೀವಮಾನ ಬಸ್ಸು ಓಡಿಸಿದವನು, ಖಾಕಿ ಬಿಟ್ರೆ ಇನ್ನೊಂದು ಕೋಟು ಕಂಡವನಲ್ಲ, ರಿಟೈರ್ ಆಗೋ ದಿನ ಗ್ಯಾರೇಜಲ್ಲಿ ಎಲ್ಲರ ಜೊತೆ ಫೋಟೊ ತೆಗೀತಾರೆ, ಅದಕ್ಕೆ ಮಗಳು ಹೊಲಿದ ಕೋಟು ಬೇಕು, ಅಷ್ಟೇ ಕೇಳಿದ್ದು, ಜೀವನದಲ್ಲಿ ಅವನು ಅವಳನ್ನ ಕೇಳಿದ್ದು ಅದೊಂದೇ. ಬಲಗೈ ಅರ್ಧ ಇಂಚು ಗಿಡ್ಡ ಅವನಿಗೆ, ಹುಡುಗನಾಗಿದ್ದಾಗ ಹಳೇ ಬಸ್ಸನ್ನ ಸ್ಟಾರ್ಟ್ ಮಾಡೋಕೆ ಮುಂದಿನಿಂದ ತಿರುಗಿಸೋ ಹ್ಯಾಂಡಲ್ ತಿರುಗಿ ಹೊಡೆದು ಮೂಳೆ ಮುರಿದಿತ್ತು, ನೆಟ್ಟಗೆ ಕೂಡಲಿಲ್ಲ, ಆ ಅರ್ಧ ಇಂಚು ಅವಳ ತಲೆಗೆ ಹತ್ತಿತು, ಎಡ ತೋಳು ಒಂದೇ ಏಟಿಗೆ ಕೂತಿತು, ಬಲದ್ದು ಕೂರಿಸೋದು, ನೋಡೋದು, ಭುಜದ ಹತ್ರ ಒಂದು ಸುಕ್ಕು, ಬಿಚ್ಚೋದು, ಮತ್ತೆ ಕೂರಿಸೋದು, ಬಿಚ್ಚೋದು, ಅಪ್ಪ ಕನ್ನಡಿ ಮುಂದೆ ಕುರಿಮರಿ ಥರ ನಿಂತಿರ್ತಿದ್ದ, ಅರ್ಧ ಇಂಚು ಯಾರಿಗೆ ಕಾಣುತ್ತಮ್ಮ, ಫೋಟೊದಲ್ಲಿ ಕೈ ಹಿಂದೆ ಕಟ್ಕೊಂಡ್ರಾಯ್ತು, ಇಲ್ಲಪ್ಪಾ ನಾಳೆ, ನಾಳೆ ಮುಗಿಸ್ತೀನಿ, ಫೋಟೊದ ಹಿಂದಿನ ದಿನ ಸಂಜೆ ತಡೀಲಾರದೆ ಅವನೇ ಕೋಟು ಹಾಕ್ಕೊಂಡು ಅಡುಗೆಮನೆ ಬಾಗಿಲಿಗೆ ಬಂದ, ಎಡಗೈಗೆ ನೀಲಿ ತೋಳು, ಬಲಗೈ ಬರೀ ಬನಿಯನ್ನಿನ ಕೈ, ನರ ಎದ್ದಿರೋ ಕೈ, ಸೊಟ್ಟ ಮೂಳೆಯ ಕೈ, ಅದನ್ನ ಬಸ್ಸಿನ ಕಿಟಕಿಯಿಂದ ಹೊರಗೆ ಚಾಚೋ ಹಾಗೆ ಚಾಚಿ, ಬಲಕ್ಕೆ ತಿರುಗ್ತಿದೀನಿ, ಜಾಗ ಬಿಡ್ರಪ್ಪೋ, ಅಂದ. ತಂಗಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆಮೇಲೆ ನಗು ನಿಂತ ಮೇಲೂ ಕೈ ಒಂದು ಗಳಿಗೆ ಹಾಗೇ ಇತ್ತು, ಅವಳ ಕಡೆ, ಏನೋ ಹಾಕ್ತಾಳೇನೋ ಅಂತ. ಫೋಟೊದಲ್ಲಿ ಅವನು ಸ್ವೆಟರಲ್ಲಿದಾನೆ, ಪಕ್ಕದ ಮನೆಯವರದು, ಹಳದಿ. ಹೋಗ್ಲಿ ಬಿಡು, ತಂಗಿ ಮದುವೆಗೆ ಹಾಕ್ಕೋತೀನಿ ಅಂದ, ತಂಗಿ ಮದುವೆ ಆಯ್ತು, ತೋಳು ಡ್ರಾಯರಲ್ಲಿತ್ತು, ಚಳಿಗಾಲಕ್ಕಾಯ್ತು ಬಿಡು ಅಂದ, ಚಳಿಗಾಲ ಬಂತು, ಅಪ್ಪನಿಗೆ ಎದೆನೋವೂ ಬಂತು, ಅಂಬ್ಯುಲೆನ್ಸಿನವರು ಅವನ ಮೇಲೆ ಹೊದಿಸಿದ್ದು ಆಸ್ಪತ್ರೆದೇ ಯಾವುದೋ ಕಂಬಳಿ, ಮನೆಲಿ ಅಷ್ಟು ಬೆಚ್ಚನೆ ಬಟ್ಟೆ ಇದ್ರೂ.

ಅವನು ಹೋದ ಮೇಲೆ ಅವಳು ಆ ಕೆಡಿಸೋ ಬಟ್ಟೆ ತೆಗೆದ್ಲು. ಈ ಸಲ ಕೆಡಿಸಲ್ಲ ಅಂತ ತೆಗೆದ್ಲು. ಮಾಸ್ಟ್ರು ರಾತ್ರಿ ಅಂಗಡಿ ಬೀಗದ ಕೈ ಕೊಡ್ತೀನಿ ಅಂದ್ರು, ಬೇಡ ಮನೆಲೇ ಹೊಲೀತೀನಿ ಅಂದ್ಲು, ಬೆನ್ನು, ಎದೆ, ಜೇಬು, ಕಾಲರ್, ಎಲ್ಲ ಆಯ್ತು, ಬ್ಲೇಡು ಮುಟ್ಟಲೇ ಇಲ್ಲ, ಇವತ್ತು ಬೆಳಗ್ಗೆ ತೋಳು ಕತ್ತರಿಸೋದೊಂದು ಬಾಕಿ. ಬಟ್ಟೆ ಮಡಚಿ ಕತ್ತರಿಸಿದ್ರೆ ಎಡ ಬಲ ಒಟ್ಟಿಗೇ ಬರುತ್ತೆ, ತಪ್ಪೋಕೆ ಸಾಧ್ಯವೇ ಇಲ್ಲ, ಉಳಿದಿದ್ದ ತುಂಡು ಸಣ್ಣದು, ಮಡಚೋಕಾಗಲ್ಲ, ಒಂದೊಂದಾಗಿ ಕತ್ತರಿಸಬೇಕು, ಒಂದು ಕತ್ತರಿಸಿದ ಮೇಲೆ ಕಾಗದದ ಅಚ್ಚನ್ನ ಮಗುಚಿ ಇಟ್ಟು ಇನ್ನೊಂದು, ಮಗುಚಬೇಕು, ಇದು ಅಂಗಡಿಗೆ ಹೊಸದಾಗಿ ಬಂದವರಿಗೆಲ್ಲ ಅವಳೇ ಹೇಳ್ಕೊಡೋ ಮೊದಲನೇ ಪಾಠ, ಮಗುಚ್ರೋ, ಇಲ್ದಿದ್ರೆ ಗಿರಾಕಿಗೆ ಎರಡು ಎಡಗೈ — ಅವಳು ಮಗುಚಲಿಲ್ಲ. ಕತ್ತರಿ ಚೆನ್ನಾಗಿ ಓಡಿತು, ಕರಕರ ಅಂತ, ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟಳು, ಎರಡೂ ಒಂದೇ ಕಡೆ ಬಾಗಿದ್ವು, ಅವಳಿ ಮಕ್ಕಳ ಥರ, ಎರಡೂ ಎಡ. ಬಲಕ್ಕೆ ಹಾಕಿದ್ರೆ ಮೊಣಕೈ ಹಿಂದಕ್ಕೆ ಬಾಗೋ ಕೋಟು, ತಿರುವಿ ಹಾಕಿದ್ರೆ ಬಟ್ಟೆಯ ಒಳಮೈ ಹೊರಗೆ. ಬಟ್ಟೆ ಇನ್ನಿಲ್ಲ. ಆಗ ಬಂತು ಅದು, ಆ ಹಗುರ, ಹೊಟ್ಟೆಯಿಂದ ಮೇಲಕ್ಕೆ, ಬಸ್ಸು ತಪ್ಪಿದಾಗಿನ ಹಾಗೇ, ಆಯ್ತಲ್ಲ, ಇನ್ನು ಹೋಗೋ ಹಾಗಿಲ್ಲ, ಯಾರೂ ನೋಡಲ್ಲ, ಟೀ ಕುಡಿದು ಮಲಗು — ಅವಳಿಗೆ ತನ್ನ ಕೈ ಮೇಲೇ ಹೇಸಿಗೆ ಆಯ್ತು, ಗೊತ್ತಿಲ್ದೇ ಮಾಡ್ತಾ ಇದು, ಗೊತ್ತಿದ್ದೇ ಮಾಡ್ತಾ, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳೋಕೆ ಎಷ್ಟು ಪಳಗಿದೆ ಈ ಕೈ. ತಂಗಿಗೆ ಫೋನ್ ಮಾಡಿದ್ಲು, ಎರಡೂ ಎಡ ಕಣೇ ಅಂದ್ಲು, ತಂಗಿ ಬೈತಾಳೆ ಅಂದ್ಕೊಂಡ್ರೆ ಬೈಯಲಿಲ್ಲ, ಮೆಲ್ಲಗೆ, ಅಕ್ಕಾ, ಡ್ರಾಯರಲ್ಲಿ ಒಂದು ಬಲ ಇದೆಯಲ್ಲ. ಅದು ಅಪ್ಪಂದು ಅಂದ್ಲು ಅವಳು. ಅಪ್ಪಂದೇ ಕಣೇ, ಅಪ್ಪ ಇಲ್ವಲ್ಲ, ಅಂದ್ಲು ತಂಗಿ. ಫೋನ್ ಇಟ್ಟ ಮೇಲೂ ಎಷ್ಟೋ ಹೊತ್ತು ಡ್ರಾಯರಿನ ಹಿಡಿ ಹಿಡ್ಕೊಂಡು ನಿಂತಿದ್ಲು, ತೆಗೆದ್ರೆ ಅಲ್ಲಿ ಮೊಳೆಗೆ ನೇತಾಡ್ತಿರೋ ಅಪ್ಪನ ಕೋಟಿಗೆ ಬಲಗೈ ಇನ್ಯಾವತ್ತೂ ಬರಲ್ಲ, ಇಷ್ಟು ದಿನ ನಾಳೆ ಅನ್ನೋದೊಂದಿತ್ತು, ಸತ್ತವನಿಗೂ ಅವಳು ನಾಳೆ ನಾಳೆ ಅಂತಾನೇ ಇದ್ಲು. ತೆಗೆದ್ಲು. ತೋಳಿನ ಭುಜದ ಅಂಚಲ್ಲಿ ಹಳೇ ಹೊಲಿಗೆಯ ತೂತುಗಳು, ಎಷ್ಟು ಸಲ ಬಿಚ್ಚಿದಾಳೋ ಅಷ್ಟು ಸಾಲು, ಇರುವೆ ನಡೆದ ಹಾಗೆ. ಹೊಲಿದ್ಲು, ಕಣ್ಣು ಮಂಜಾಗಿತ್ತು, ಆದ್ರೂ ಹೊಲಿದ್ಲು, ಒಂದೇ ಸಲ.

ಈಗ ಗಂಟು ಬಿಚ್ಚಿ ನೋಡ್ತಿದಾಳೆ, ನೋಡಬಾರದಿತ್ತು, ಅರ್ಧ ಇಂಚು ಗಿಡ್ಡ, ಅಪ್ಪನ ಕೈಗೆ ಹೊಲಿದಿದ್ದಲ್ವಾ, ಬೇರೆಯವರಿಗೆ ಗಿಡ್ಡವೇ, ಭುಜದ ಹತ್ರ ಆ ಸುಕ್ಕು, ಅದೇ ಸುಕ್ಕು, ಬೆರಳು ಪರ್ಸಿಗೆ ಹೋಗಿದೆ, ಕಾಗದ ಬಿಚ್ಚಿದೆ, ಬ್ಲೇಡಿನ ತಣ್ಣನೆ ಅಂಚು ಹೆಬ್ಬೆರಳಿಗೆ ತಾಗಿದೆ, ಹತ್ತು ಹೊಲಿಗೆ ಬಿಚ್ಚಿದ್ರೆ ಸಾಕು, ಬರೀ ಹತ್ತು, ಸುಕ್ಕು ಹೋಗುತ್ತೆ, ಇನ್ನೂ ರೆಡಿ ಆಗಿಲ್ಲ ಮೇಡಂ, ಎಷ್ಟು ಸಲೀಸು ಆ ಮಾತು, ನಾಲಿಗೆ ಮೇಲೆ ಕೂತೇ ಇದೆ, ಒಂದು ಹೊಲಿಗೆ, ಟಪ್ — ಒಂದು ಹೊಲಿಗೆ ಹೋಗೇಬಿಡ್ತು, ದಾರದ ತುದಿ ಎದ್ದು ನಿಂತಿದೆ, ಬೆಕ್ಕಿನ ಮೀಸೆ, ಎಳೆದ್ರೆ — ಮುಂದಿನವರು ಬನ್ನಿ. ಬಾಗಿಲು ತೆರೆದಿದೆ, ಗಡ್ಡದವನು ಮುಖ ಸಣ್ಣ ಮಾಡ್ಕೊಂಡು ಹೋಗ್ತಿದಾನೆ, ಅವಳು ಬೆಂಚಿನ ಪಕ್ಕದ ಕಸದ ಡಬ್ಬಿಗೆ ಬ್ಲೇಡು ಹಾಕಿದ್ಲು, ಟಿಣ್ ಅಂತು, ಹಾಕಿದ್ದು ತಾನೇನಾ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಒಳಗೆ ಮೇಡಮ್ಮು, ಗೇಟಿನ ವಾಚ್‌ಮನ್ನನ್ನ ನಿಲ್ಲಿಸ್ಕೊಂಡಿದಾರೆ ಹಾಕಿ ನೋಡೋಕೆ, ವಯಸ್ಸಾದವನು, ಅಪ್ಪನಷ್ಟೇ ಎತ್ತರ, ಅವನು ಎಡಗೈ ತೂರಿಸಿದ, ಸರಿಯಾಗಿ ಹೋಯ್ತು, ಬಲಗೈನ ಹಿಂದಕ್ಕೆ ಚಾಚಿದ, ತೋಳಿನ ಬಾಯಿ ಸಿಗ್ತಾ ಇಲ್ಲ, ಗಾಳಿಲಿ ತಡಕಾಡ್ತಿದಾನೆ, ಅವಳು ಹೋಗಿ ತೋಳನ್ನ ಹಿಡಿದ್ಲು, ಕೈ ಒಳಗೆ ಹೋಯ್ತು, ಬೆಚ್ಚನೆ ಕೈ, ಮುಗಿದ ಮೇಲೆ ಆ ತೋಳಿನೊಳಗೆ ಮೊದಲನೇ ಸಲ ಒಂದು ಕೈ. ಮೇಡಮ್ಮು ಸುತ್ತ ಬಂದ್ರು, ಬೆನ್ನು ಸವರಿದ್ರು, ಕಾಲರ್ ಮಗುಚಿದ್ರು, ಹ್ಮ್ ಅಂದ್ರು, ಮಣಿಕಟ್ಟು ನೋಡಿದ್ರು, ಬಲದ್ದು ಸ್ವಲ್ಪ ಗಿಡ್ಡ ಆಗಿದೆ ಅಲ್ವೇನಮ್ಮ. ಕೊಡಿ ಮೇಡಂ, ನಾಳೆ ಸರಿ ಮಾಡಿ ತರ್ತೀನಿ — ನಾಲಿಗೆ ತುದಿಗೆ ಬಂತು, ನುಂಗಿದ್ಲು. ಹೌದು ಮೇಡಂ, ಗಿಡ್ಡ, ಅಂದ್ಲು. ಅಷ್ಟೇ ಅಂದ್ಲು. ಮೇಡಮ್ಮು ಕನ್ನಡಕ ಕೆಳಗಿಳಿಸಿ ಅವಳನ್ನ ನೋಡಿದ್ರು, ಸೋಮವಾರದಿಂದ ಬಾ, ಅಂದ್ರು, ಅವಳು ಕೋಟಿಗೆ ಕೈ ಚಾಚಿದ್ಲು, ಬೇಡ, ಇದು ಇಲ್ಲೇ ಇರ್ಲಿ, ನಾಟಕಕ್ಕಾಗುತ್ತೆ, ವಾಚ್‌ಮನ್ನು ಕನ್ನಡಿ ಮುಂದೆ ಆಕಡೆ ಈಕಡೆ ತಿರುಗಿ, ಚೆನ್ನಾಗಿದೆ ಕಣಮ್ಮ, ಬೆಚ್ಚಗಿದೆ, ಅಂದ, ಮೇಡಮ್ಮು ಏನೋ ಹೇಳ್ತಿದಾರೆ, ಹೊತ್ತು, ಸಂಬಳ, ಬೀಗದ ಕೈ, ಅವಳು ಹೂಂ ಅಂತಿದಾಳೆ, ಕೇಳ್ತಾ ಇಲ್ಲ, ಮನೆಲಿ ಮೊಳೆಗೆ ನೇತಾಡ್ತಿದೆ ಆ ಇನ್ನೊಂದು ಕೋಟು, ಅಡುಗೆಮನೆ ಬಾಗಿಲಲ್ಲಿ ಅಪ್ಪ ನಿಂತಿದಾನೆ, ಎಡಗೈಗೆ ನೀಲಿ ತೋಳು, ಬಲಗೈ ಬರಿದು, ಚಾಚಿದಾನೆ, ನಗು ನಿಂತಿದೆ, ಕೈ ಇಳಿಸ್ತಾ ಇಲ್ಲ, ಕಾಯ್ತಿದಾನೆ, ಆ ಕೈ, ಸೊಟ್ಟ ಮೂಳೆಯ ಬರಿಗೈ, ಅವಳ ಕಡೆಗೆ ಚಾಚೇ ಇದೆ