ಮೂರನೇ ಮಹಡಿಯ ಉತ್ತರಗಳು

ಮನೆಗಳ ದುಃಸ್ಥಿತಿಯನ್ನು ಬರೆದುಕೊಳ್ಳಲು ಬರುವವರಿಗೆ ಮನೆಯನ್ನು ಸಿಂಗರಿಸಿ ತೋರಿಸುವುದು ಎಂಥ ಬುದ್ಧಿವಂತಿಕೆ, ನೀವೇ ಹೇಳಿ. ಆ ಹಳೆಯ ಕಟ್ಟಡದಲ್ಲಿ ಎಲ್ಲರೂ ಅದನ್ನೇ ಮಾಡಿದ್ದರು. ಕೆಳಗಿನ ಮನೆಯವರು ಒಡೆದ ಕಿಟಕಿಗೆ ಹೊಸ ಪರದೆ ಕಟ್ಟಿದರು. ಮೂರನೇ ಮಹಡಿಯ ಅತ್ತೆ ಎಲ್ಲರಿಗಿಂತ ಒಂದು ಕೈ ಮೇಲೆ. ತೇವಕ್ಕೆ ಹಕ್ಕಳೆ ಎದ್ದ ಗೋಡೆಯ ಮೇಲೆ ಹೂವಿನ ಬೆಡ್‌ಶೀಟನ್ನೇ ಇಳಿಬಿಡಿಸಿದಳು.

"ಬಂದವರ ಮುಂದೆ ಮಾನ ಕಳ್ಕೋಬಾರ್ದು," ಎಂದು ಅವಳ ವಾದ.

ಆ ಹೊದಿಕೆಗೆ ಮೊಳೆ ಹೊಡೆದ ಸೊಸೆ, ಮನೆಯಲ್ಲೇ ಹೊಲಿಗೆ ಮಷಿನ್ ತುಳಿಯುವವಳು, ಒಳಗೊಳಗೇ ಕುದಿಯುತ್ತಿದ್ದಳು. ಈ ಕಟ್ಟಡದವರಿಗೆಂದು ಹೊಸದಾಗಿ ಕಟ್ಟುತ್ತಿರುವ ಮನೆಗಳಲ್ಲಿ ನೆಲಮಹಡಿಯವು ಬರೀ ಹನ್ನೆರಡು. ಮೆಟ್ಟಿಲು ಹತ್ತಲಾಗದವರಿಗೆ ಅವು, ಅದೂ ಸಮೀಕ್ಷೆಯಲ್ಲಿ ಹಾಗೆಂದು ಬರೆಸಿದವರಿಗೆ ಮಾತ್ರ. ಅತ್ತೆಯ ಮಂಡಿ ಕೈಕೊಟ್ಟು ಎರಡು ವರ್ಷ. ಅಂದಿನಿಂದ ಅವಳು ಕೆಳಗೇ ಇಳಿದಿರಲಿಲ್ಲ.

"ಮಂಡಿ ವಿಷಯ ಒಂದನ್ನಾದ್ರೂ ಹೇಳಿಬಿಡಿ ಅತ್ತೆ," ಎಂದು ಸೊಸೆ ವಾರದಿಂದ ಗೋಗರೆದಿದ್ದಳು.

"ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಎಂದಿದ್ದಳು ಅತ್ತೆ.

ಸಮೀಕ್ಷೆಯ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಂ.

"ಗೋಡೆಗೆ ತೇವ ಬರುತ್ತಾ ಅಜ್ಜಿ?"

"ತೇವಾನಾ? ಈ ಮನೇಲಾ?"

"ನೀರು?"

"ಬೇಕಾದಷ್ಟು."

ಸೊಸೆ ಬೆಳಗ್ಗೆ ಕೆಳಗಿನಿಂದ ಹೊತ್ತು ತಂದ ಆರು ಬಿಂದಿಗೆ ನೀರು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು.

"ಮೆಟ್ಟಿಲು ಹತ್ತಿ ಇಳಿಯೋಕೆ ತೊಂದ್ರೆ ಏನಾದ್ರೂ?"

ಸೊಸೆ ಅತ್ತೆಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅತ್ತೆ ಅವಳ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. "ದಿನಕ್ಕೆ ನಾಲ್ಕು ಸಲ ಹತ್ತಿ ಇಳೀತೀನಿ," ಎಂದುಬಿಟ್ಟಳು.

"ಅಲ್ಲ ಮೇಡಂ, ಅದು..." ಎಂದಳು ಸೊಸೆ.

"ಬೇಜಾರು ಮಾಡ್ಕೋಬೇಡಿ ಅಕ್ಕ. ಹಿರಿಯರ ಪ್ರಶ್ನೆಗೆ ಹಿರಿಯರೇ ಹೇಳ್ಬೇಕು. ಅವರು ಹೇಳಿದ್ದನ್ನಷ್ಟೇ ನಾನು ಬರೀಬೇಕು."

ಆ ಬೆಡ್‌ಶೀಟನ್ನು ಕಿತ್ತೆಸೆಯುವಷ್ಟು ಸಿಟ್ಟು ಬಂತು ಸೊಸೆಗೆ. ಅಷ್ಟರಲ್ಲಿ ಅತ್ತೆ ಸೆರಗೆಳೆದು ಮಂಡಿ ಮುಚ್ಚಿಕೊಂಡದ್ದು ಕಂಡಿತು. ಹೊರಗಿನವರ ಮುಂದೆ ಆ ಹಿರಿಜೀವವನ್ನು ಸುಳ್ಳುಗಾರ್ತಿ ಮಾಡಲು ಅವಳಿಗೆ ನಾಲಗೆ ಏಳಲಿಲ್ಲ. ಪಾಪ ಅನ್ನಿಸಿತು, ಸಿಟ್ಟೂ ಹಾಗೇ ಇತ್ತು.

"ಕೊನೇದು ಅಜ್ಜಿ. ಹೊಸ ಮನೆ ಹೇಗಿರ್ಬೇಕು ಅಂತ ಆಸೆ?"

"ಹೀಗೇ ಇದ್ರೆ ಸಾಕಮ್ಮ."

ಹುಡುಗಿ ಎದ್ದಳು. ಇಷ್ಟು ಹೊತ್ತು ಕೂತು ತನ್ನನ್ನೇ ಕೇಳಿ ಮಾತಾಡಿಸಿದವರು ಅತ್ತೆಗೆ ಈಚೆಗೆ ಯಾರೂ ಸಿಕ್ಕಿರಲಿಲ್ಲ. ಕಳಿಸಲು ಮನಸ್ಸೇ ಇಲ್ಲ. "ಇರಮ್ಮ, ಗೇಟಿನ ತನಕ ಬಂದು ಕಳಿಸ್ತೀನಿ," ಎನ್ನುತ್ತಾ ಎದ್ದೇಬಿಟ್ಟಳು. ಹೇಳಿದ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದಳೋ ಏನೋ. ಗೋಡೆ ಹಿಡಿದು ಹೊಸ್ತಿಲು ದಾಟಿದಳು, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಎರಡನೆಯದಕ್ಕೆ ಕಾಲು ಇಳಿಯಲಿಲ್ಲ. ಸೊಸೆ ಓಡಿಬಂದು ತೋಳು ಹಿಡಿಯದಿದ್ದರೆ ಉರುಳಿಯೇ ಹೋಗುತ್ತಿದ್ದಳು. ಅಲ್ಲೇ ಕುಸಿದು ಕೂತಳು.

ನಾಲ್ಕು ಮೆಟ್ಟಿಲು ಇಳಿದಿದ್ದ ಹುಡುಗಿ ತಿರುಗಿ ನೋಡಿದಳು. ಮೇಲೆ ಬಂದು ಅತ್ತೆಯ ಕಾಲ ಬಳಿ ಕೂತು ಫಾರಂ ತೆರೆದಳು.

ಅತ್ತೆ ಮಂಡಿ ನೀವಿಕೊಂಡಳು.

"ಆ ಮೆಟ್ಟಿಲಿನ ಉತ್ತರ ಹೊಡೆದುಹಾಕು," ಎಂದಳು ಅತ್ತೆ. "ನಾನು ಕೆಳಗಿಳಿದು ಎರಡು ವರ್ಷ ಆಯ್ತು."

"ಬರೆದೆ ಅಜ್ಜಿ."

"ಕೊನೇದನ್ನೂ ತಿದ್ದು."

"ಏನಂತ ಬರೀಲಿ?"

ಅತ್ತೆ ಅಂಗೈಯಿಂದ ಮುಖ ಒರೆಸಿಕೊಂಡಳು. "ಮನೆಗೆ ಬಂದವರನ್ನ ಗೇಟಿನ ತನಕ ಹೋಗಿ ಕಳಿಸೋಕಾಗ್ಬೇಕು. ಅಂಥಾ ಮನೆ."

ಹುಡುಗಿ ಒಂದಕ್ಷರ ಬಿಡದೆ ಬರೆದು, ಓದಿ ಹೇಳಿದಳು. ಅತ್ತೆ ತಲೆಯಾಡಿಸಿ ಸೊಸೆಯ ಕಡೆ ತಿರುಗಿದಳು.

"ಇವತ್ತು ನನ್ನ ಬದಲು ನೀನು ಹೋಗಿ ಕಳಿಸಿ ಬಾ."