ಬೆನ್ನಿಲ್ಲದ ತೊಟ್ಟಿ

"ಇದರ ಬೆನ್ನು ಯಾವ ಕಡೆ ಬರುತ್ತೆ?" ಎಂದು ತೊಟ್ಟಿ ಕಟ್ಟುವವನು ಕೇಳಿದ. ಹಜಾರದಲ್ಲಿದ್ದವರೆಲ್ಲ ತಾಯಿಯ ಕಡೆ ನೋಡಿದರು.

ಅವನು ಕೇಳಿದ್ದು ಕಸುಬಿನ ಪ್ರಶ್ನೆ. ಉಪ್ಪುನೀರಿನ ಅಕ್ವೇರಿಯಂ ಎಂದರೆ ಅದಕ್ಕೊಂದು ಮುಖ, ಒಂದು ಬೆನ್ನು ಇರಬೇಕು. ಮುಖದ ಕಡೆ ಹವಳ, ಮೀನು, ನೆಂಟರ ಮೆಚ್ಚುಗೆ. ಬೆನ್ನಿನ ಕಡೆ ಕೊಳವೆ, ವೈರು, ಪಂಪು, ಪಾಚಿ. ಇಪ್ಪತ್ತು ವರ್ಷದಲ್ಲಿ ಅವನು ಕಟ್ಟಿದ ತೊಟ್ಟಿಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು ಮರ್ಯಾದೆಯಿಂದ ನಿಂತಿದ್ದವು. ಈ ಮನೆಯಲ್ಲಿ ಮಾತ್ರ ತೊಟ್ಟಿ ಬರಬೇಕಾಗಿದ್ದುದು ಗೋಡೆಯ ಬದಲಿಗೆ.

"ಬೆನ್ನು ಅನ್ನೋದು ಬೇಡ. ಎರಡೂ ಕಡೆ ಮುಖಾನೇ ಇರಲಿ," ಎಂದರು ತಾಯಿ.

ಹಜಾರದ ಬಲಭಾಗದಲ್ಲಿ ಕೈಕಟ್ಟಿ ನಿಂತಿದ್ದವನು ದೊಡ್ಡ ಮಗ. ಅವನದು ಲಿಫ್ಟುಗಳನ್ನು ಪರೀಕ್ಷಿಸಿ ರುಜು ಹಾಕುವ ಕೆಲಸ. ಎಡಭಾಗದಲ್ಲಿ ಮೊಬೈಲು ನೋಡುತ್ತಿದ್ದವನು ಚಿಕ್ಕವನು, ಕನ್ನಡಕದ ಅಂಗಡಿಯವನು. ತಂದೆ ಹೋದ ಮೇಲೆ ಮನೆ ಎರಡಾಗಿತ್ತು. ಒಲೆ ಎರಡು, ಚಪ್ಪಲಿ ಗೂಡು ಎರಡು, ನಡುವೆ ಹದಿನಾಲ್ಕು ತಿಂಗಳ ಮೌನ. ಜಗಳಕ್ಕೆ ಕಾರಣವೇನೆಂದು ಕೇಳಿದವರಿಗೆ ಇಬ್ಬರೂ ತಲಾ ಹತ್ತು ಹನ್ನೆರಡು ಕಾರಣ ಕೊಡುತ್ತಿದ್ದರು. ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಉಳಿದಿದ್ದುದು ಹಜಾರದ ನಡುವೆ ಗೋಡೆ ಎಬ್ಬಿಸುವುದೊಂದೇ. ಅದರ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಿಗೆ ಪೂರ್ಣ ಸಹಮತವಿತ್ತು.

ತಾಯಿ ಶಾಲೆಯೊಂದರ ರಸಾಯನ ಪ್ರಯೋಗಶಾಲೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡು ನಿವೃತ್ತರಾದವರು. ಕಣ್ಣಿನ ಆಸ್ಪತ್ರೆಯ ಎರಡು ಕೋಣೆಗಳ ನಡುವೆ ಅಂಥದೊಂದು ತೊಟ್ಟಿಯನ್ನು ನೋಡಿದ್ದರು. ಒಂದೇ ಮೀನಿನ ಹಿಂದೆ ಕಣ್ಣು ಓಡಿಸುತ್ತಿದ್ದ ಈಚೆಯ ಮುದುಕನೂ ಆಚೆಯ ಹೆಂಗಸೂ ಗಾಜಿನಲ್ಲಿ ಮುಖಾಮುಖಿಯಾಗಿ ನಕ್ಕುಬಿಟ್ಟಿದ್ದರಂತೆ. ಗೊತ್ತಿಲ್ಲದವರೇ ಹಾಗೆ ನಗುವುದಾದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವರು ಇನ್ನೆಷ್ಟು ದಿನ ಬಿಗಿದುಕೊಂಡಾರು? ಅವರಿಗೆ ಬೇಕಾಗಿದ್ದುದು ಅಷ್ಟೇ: ತಾನು ಕಣ್ಣು ಮುಚ್ಚುವುದರೊಳಗೆ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡಬೇಕು.

ಒಪ್ಪಿಸಿದ್ದು ಒಂದೇ ಮಧ್ಯಾಹ್ನದಲ್ಲಿ. ಮೊದಲು ದೊಡ್ಡವನನ್ನು ಹಿತ್ತಲ ಬಾಗಿಲಿಗೆ ಕರೆದರು.

"ಅವನಿಗೆ ತಲೆ ಇಲ್ಲ ಕಣೋ, ಗೋಡೆ ಗೋಡೆ ಅಂತ ಕುಣೀತಾನೆ. ತಿಳಿದವನು ನೀನು. ನೀನಿದ್ದೀಯ ಅಂತ ತಾನೇ ನಾನು ಬದುಕಿರೋದು? ಟ್ಯಾಂಕಿಗೆ ಹೂಂ ಅನ್ನು. ನಾನು ಹೀಗಂದೆ ಅಂತ ಅವನ ಹತ್ತಿರ ಬಾಯಿ ಬಿಡಬೇಡ."

ಆಮೇಲೆ ಚಿಕ್ಕವನನ್ನು ಮೆಟ್ಟಿಲ ಕೆಳಗೆ.

"ನಿಮ್ಮಣ್ಣನಿಗೆ ಮನಸ್ಸು ಅನ್ನೋದೇ ಇಲ್ಲ ಕಣೋ, ಬರೀ ಕಲ್ಲು. ಕರುಳು ಇರೋನು ನೀನೊಬ್ಬ. ನೀನಿದ್ದೀಯ ಅಂತ ತಾನೇ…"

ಇದರಲ್ಲಿ ಮೋಸವೇನೂ ಇರಲಿಲ್ಲ. ಪ್ರತಿಯೊಬ್ಬ ಮಗನಿಗೂ ತಾನೇ ಹೆಚ್ಚು ಎನ್ನಿಸುವಂತೆ ಮಾಡುವುದು ಅವರ ಮಟ್ಟಿಗೆ ಸಮಪಾಲು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದರೆ ಆ ಲೆಕ್ಕ ಕೂಡುವುದಿಲ್ಲವಾದ್ದರಿಂದ ಬೇರೆ ಬೇರೆಯಾಗಿ ಹೇಳಬೇಕಾಗುತ್ತಿತ್ತು.

ತೊಟ್ಟಿ ಬಂತು. ಹತ್ತಡಿ ಉದ್ದ, ಎರಡೂವರೆ ಅಡಿ ಅಗಲ, ಮೂರಡಿ ಎತ್ತರ, ಬೆರಳು ದಪ್ಪದ ಗಾಜು. ಒಳಗೆ ಹಿಡಿಯುವ ನೀರು ಎರಡು ಸಾವಿರ ಲೀಟರ್. ದೊಡ್ಡವನು ಭಾರ ಲೆಕ್ಕ ಹಾಕಿ, ಕೆಳಗಿನ ಉಕ್ಕಿನ ಚೌಕಟ್ಟಿಗೆ ಇನ್ನೆರಡು ಕಾಲು ಬೇಕೆಂದು ಚೀಟಿ ಬರೆದು ಹೆಂಡತಿಯ ಕೈಲಿ ಕಳಿಸಿದ. ಚಿಕ್ಕವನು ಗಾಜಿಗೆ ಕಣ್ಣು ಹಚ್ಚಿ, ಎರಡನೆಯ ಹಲಗೆಯಲ್ಲಿ ಹಸಿರು ಛಾಯೆ ಇದೆ, ಬದಲಾಯಿಸಿ ಎಂದ. ಇಬ್ಬರ ಮಾತೂ ಸರಿಯಾಗಿತ್ತು. ನೀರು ಸೋಸುವ ಕೆಳತೊಟ್ಟಿಯ ಬಾಗಿಲು ಯಾರ ಕಡೆ ತೆರೆಯಬೇಕೆಂಬುದಕ್ಕೆ ಎರಡು ದಿನ ಕೆಲಸ ನಿಂತಿತು. ಕೊನೆಗೆ ಅದು ತಾಯಿಯ ಕೋಣೆಗೆ ಹೋಗುವ ಓಣಿಯತ್ತ ತೆರೆಯುವಂತಾಯಿತು. ತೊಟ್ಟಿಯ ಆ ತುದಿಗೆ ತಾಯಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡರು. ಅಲ್ಲಿ ಕೂತರೆ ಬಲಗಣ್ಣಿಗೆ ಒಬ್ಬ ಮಗ, ಎಡಗಣ್ಣಿಗೆ ಒಬ್ಬ.

ಕಲ್ಲು ಜೋಡಿಸಿ, ಉಪ್ಪು ಕರಗಿಸಿ, ನೀರು ತುಂಬಿ ಕೈ ಒರೆಸಿಕೊಳ್ಳುತ್ತ ತೊಟ್ಟಿಯವನು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ: "ಒಂದೇ ನಿಯಮ. ಈ ನೀರಿಗೆ ಒಂದೇ ಕೈ ಬೀಳಬೇಕು. ಇಬ್ಬರು ಸಾಕಿದ ಟ್ಯಾಂಕು ಉಳಿದಿದ್ದು ನಾನು ನೋಡಿಲ್ಲ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ ನೋಡಿ."

"ನನ್ನ ಕೈ," ಎಂದರು ತಾಯಿ.

"ಮೀನು ಯಾವಾಗ?" ಎಂದಳು ಚಿಕ್ಕ ಸೊಸೆ.

"ಎಂಟು ವಾರ ಆಗುತ್ತಮ್ಮ. ಅಲ್ಲಿತನಕ ಕಲ್ಲು ನೋಡಿ."

ನೀರು ಹಣ್ಣಾಗಬೇಕು. ಮೊದಲು ಅದರಲ್ಲಿ ಅಮೋನಿಯ ಏರುತ್ತದೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಕಲ್ಲಿನ ಸಂದುಗಳಲ್ಲಿ ಸಂಸಾರ ಹೂಡುತ್ತವೆ, ಆಮೇಲೆ ಇಳಿಯುತ್ತದೆ. ಅವಸರ ಮಾಡಿ ಮೀನು ಬಿಟ್ಟರೆ ತೇಲುವ ಮೀನನ್ನು ಎತ್ತಿಹಾಕುವ ಕೆಲಸ. ತಾಯಿ ದಿನವೂ ಬೆಳಗ್ಗೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಣ್ಣವನ್ನು ಪಟ್ಟಿಗೆ ಹೋಲಿಸಿ ಪುಸ್ತಕದಲ್ಲಿ ಬರೆದರು. ಹಳದಿಯಾದರೆ ಒಳ್ಳೆಯದು, ಹಸಿರಾದರೆ ವಿಷ. ನೋಡಲು ಬಂದ ಪಕ್ಕದ ಮನೆಯವರು, "ಕಲ್ಲು ಸಾಕಿದ್ದೀರಾ? ಒಳ್ಳೇದೇ ಬಿಡಿ, ಬೊಗಳಲ್ಲ," ಎಂದು ಹೋದರು.

ಆರನೆಯ ವಾರ ತಾಯಿ ನಳಿಕೆಯನ್ನು ದೀಪಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದರು. "ಇದು ಹಳದೀನಾ, ಹಸಿರಾ?"

"ಹಳದಿ," ಎಂದ ದೊಡ್ಡವನು, ಬಲಗಡೆಯಿಂದ.

"ಹಸಿರಿನ ಎಳೆ ಇದೆ," ಎಂದ ಚಿಕ್ಕವನು, ಎಡಗಡೆಯಿಂದ.

"ಎಲ್ಲಿದೆ ಹಸಿರು?"

"ಬೆಳಕಿಗೆ ಅಡ್ಡ ನಿಂತ್ಕೊಂಡು ನೋಡಿದರೆ ಹೇಗೆ ಕಾಣುತ್ತೆ? ಸ್ವಲ್ಪ ಪಕ್ಕಕ್ಕೆ ಬಾ."

ದೊಡ್ಡವನು ಪಕ್ಕಕ್ಕೆ ಬಂದ. ಆಮೇಲೆ ಇಬ್ಬರಿಗೂ ತಾವು ಮಾತಾಡಿದ್ದು ಅರಿವಿಗೆ ಬಂದು, ತುರ್ತಾಗಿ ಬೇರೆ ಬೇರೆ ಕೋಣೆಗಳಲ್ಲಿ ಕೆಲಸ ನೆನಪಾಯಿತು. ಆ ದಿನ ತಾಯಿ ಪುಸ್ತಕದಲ್ಲಿ ಬಣ್ಣ ಬರೆಯುವುದನ್ನೇ ಮರೆತರು.

ಮೀನು ಬಂದವು: ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ, ಇನ್ನೊಂದು ನೀಲಿ, ಎರಡು ಡಜನ್ ಬಸವನಹುಳು. ಹವಳ ಬಂದವು. ತೊಟ್ಟಿಯವನು ಬೆರಳುದ್ದದ ತುಂಡುಗಳನ್ನು ಕಲ್ಲಿಗೆ ಅಂಟಿಸುತ್ತ, ಬಲಕ್ಕೆ ಒಂಬತ್ತು, ಎಡಕ್ಕೆ ಒಂಬತ್ತು ಎಂದು ಬಾಯಿಬಿಟ್ಟು ಎಣಿಸಿದ. ಹವಳ ಬೆಳೆಯಬೇಕಾದರೆ ಸುಣ್ಣ ಬೇಕು. ಶುದ್ಧ ನೀರಿನಲ್ಲಿ ಸುಣ್ಣದ ಪುಡಿ ಕದಡಿ, ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸಣ್ಣ ನಳಿಕೆಯಲ್ಲಿ ಹನಿಹನಿಯಾಗಿ ತೊಟ್ಟಿಗೆ ಬಿಡಬೇಕು. ಒಂದು ಜಗ್ಗು ಇಳಿಯಲು ಎರಡು ಗಂಟೆ. ಇದಕ್ಕೆ ಯಂತ್ರವಿದೆ ಎಂದ ತೊಟ್ಟಿಯವನು. ತಾಯಿ ಬೇಡವೆಂದರು. ಬೆಳಗ್ಗೆ ಎರಡು ಗಂಟೆ ಆ ಕುರ್ಚಿಯಲ್ಲಿ ಕೂರಲು ಅದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗಬೇಕು. ಅಷ್ಟರಲ್ಲಿ ಇಬ್ಬರೂ ಕಾಫಿ ಲೋಟ ಹಿಡಿದು ಗಾಜಿನ ಹತ್ತಿರ ಬರುವುದು ರೂಢಿಯಾಗಿತ್ತು. "ನೀಲಿ ನಿನ್ನ ಕಡೆ ಇದೆ." "ಬಂತು, ನಿನ್ನ ಕಡೆ ಕಳಿಸ್ದೆ." ದಿನಕ್ಕೆ ಇಂಥ ಎರಡು ಮೂರು ಮಾತು. ತಾಯಿಗೆ ಅದು ಸಂಗೀತ ಕಚೇರಿ.

ಆಗ ತಾಯಿಯ ಕೊನೆಯ ಮಗಳಿಗೆ ಪಿತ್ತಕೋಶದ ಆಪರೇಷನ್ ಎಂದು ಫೋನು ಬಂತು. ಬೇರೆ ಊರು, ಒಂದು ವಾರವಾದರೂ ಬೇಕು.

ತಾಯಿ ದೊಡ್ಡವನನ್ನು ಓಣಿಗೆ ಕರೆದು ಜಗ್ಗು, ಚಮಚೆ, ಪುಡಿಯ ಡಬ್ಬಿ ತೋರಿಸಿದರು. "ಟ್ಯಾಂಕು ನಿನ್ನ ಕೈಲಿ. ಅವನನ್ನ ನಂಬೋಕಾಗಲ್ಲ, ನಿನಗೆ ಗೊತ್ತಲ್ಲ. ಅವನಿಗೆ ಹೇಳ್ಬೇಡ ಮಾತ್ರ, ಬೇಜಾರು ಮಾಡ್ಕೋತಾನೆ." ಕೆಲಸ ಒಬ್ಬನಿಗೇ ಒಪ್ಪಿಸಿದ್ದರು. ತೊಟ್ಟಿಯವನ ನಿಯಮಕ್ಕೆ ಎಲ್ಲೂ ಭಂಗ ಬಂದಿರಲಿಲ್ಲ.

ಆದರೆ ನಿಲ್ದಾಣಕ್ಕೆ ಸ್ಕೂಟರಿನಲ್ಲಿ ಬಿಡಲು ಬಂದವನು ಚಿಕ್ಕವನು. ಇಳಿದು, ಚೀಲ ಕೆಳಗಿಟ್ಟು, "ಅವನಿಗೆ ಹೇಳಿ ಬಂದಿರ್ತೀಯ," ಎಂದ.

ತಾಯಿ ಅವನ ಕೆನ್ನೆ ಸವರಿದರು. "ಅವನಿಗೆ ಯಾಕೆ ಹೇಳ್ಲಿ? ನಿನ್ನ ಬಿಟ್ಟು ನನಗ್ಯಾರಿದಾರೆ? ಟ್ಯಾಂಕು ನಿನ್ನ ಕೈಲಿದೆ ಕಂದ. ಅವನಿಗೆ ಗೊತ್ತಾಗೋದು ಬೇಡ."

ಅದು ಕೆಲಸ ಒಪ್ಪಿಸಿದ ಮಾತಲ್ಲ, ಬರೀ ಸಮಾಧಾನ. ಮೂವತ್ತೆಂಟು ವರ್ಷ ಅಂಥ ಸಮಾಧಾನಗಳಿಂದ ಯಾವ ಮೀನೂ ಸತ್ತಿರಲಿಲ್ಲ. ಚಿಕ್ಕವನು ಎಂದೂ ಹೇಳಿದ ಕೆಲಸ ಮಾಡಿದವನಲ್ಲವಾದ್ದರಿಂದ ಈಗ ಮಾಡಿಯಾನೆಂಬ ಭಯವೂ ಅವರಿಗಿರಲಿಲ್ಲ. ಅವನು ಅಂಗಡಿಯ ಬಾಗಿಲು ತೆಗೆಯುವ ಮೊದಲು ಮನೆಗೆ ಓಡಿಬಂದು ಸುಣ್ಣ ಕದಡಿದ.

ದೊಡ್ಡವನು ಬೆಳಗ್ಗೆ ಐದೂವರೆಗೆ, ಚಿಕ್ಕವನು ಹತ್ತಕ್ಕೆ. ಇಬ್ಬರಿಗೂ ಗುಟ್ಟು ಕಾಯಬೇಕಿತ್ತು. ಎರಡು ಗಂಟೆ ಹನಿ ಬಿಡುತ್ತ ಕೂತರೆ ಎಲ್ಲ ಬಯಲಾಗುತ್ತದೆ. ಹಾಗಾಗಿ ಇಬ್ಬರೂ ಅತ್ತಿತ್ತ ನೋಡಿ, ಇಡೀ ಜಗ್ಗನ್ನು ಒಂದೇ ಸಲಕ್ಕೆ ಸುರಿದು, ಜಗ್ಗು ತೊಳೆದು ಇದ್ದಲ್ಲೇ ಬೋರಲು ಹಾಕಿದರು. ಗಸಿ ಇಳಿಯುವವರೆಗೆ ಕಾಯುವ ವ್ಯವಧಾನವೂ ಇರಲಿಲ್ಲ. ಅಮ್ಮನ ನಂಬಿಕೆಗೆ ತಕ್ಕಂತೆ ಇರಲೆಂದು ಇಬ್ಬರೂ ಒಂದೊಂದು ಚಮಚೆ ಹೆಚ್ಚೇ ಹಾಕಿದರು.

ಮೂರನೆಯ ದಿನ ಮಧ್ಯಾಹ್ನ ತೊಟ್ಟಿಯ ನೀರು ಹಾಲಾಯಿತು.

ಸೊಸೆಯಂದಿರು ಕೂಗಿದ್ದು ಕೇಳಿ ಇಬ್ಬರೂ ಕೆಲಸ ಬಿಟ್ಟು ಬಂದು ತಮ್ಮ ತಮ್ಮ ಕಡೆ ನಿಂತರು. ಗಾಜಿನ ಉದ್ದಕ್ಕೂ ದಟ್ಟ ಬಿಳಿ. ಆಚೆ ನಿಂತವರ ಬಟ್ಟೆಯ ಬಣ್ಣವೂ ಕಾಣುತ್ತಿರಲಿಲ್ಲ. ನೀಲಿ ಮೀನು ಒಮ್ಮೆ ಗಾಜಿನ ಹತ್ತಿರ ಬಂದು, ಬಾಯಿ ತೆರೆದು, ಬಿಳಿಯೊಳಕ್ಕೆ ಸರಿಯಿತು.

"ಏನು ಹಾಕಿದೆಯೋ?" ಬಲಗಡೆಯ ದನಿ.

"ಸುಣ್ಣ. ನೀನು ಮುಟ್ಟಿದ್ಯಾ?"

"ಮುಟ್ಟೋದೇನು? ಅಮ್ಮ ನನಗೆ ವಹಿಸಿ ಹೋಗಿದಾಳೆ."

"ನಿನಗಾ? ನಿನಗೆ ಗೊತ್ತಾಗೋದು ಬೇಡ ಅಂತ ನನಗೆ ಹೇಳಿ ಹೋದ್ಲು."

ಬಲಗಡೆಯ ದನಿ ತಗ್ಗಿತು.

"ಬೇಜಾರು ಮಾಡ್ಕೋತಾನೆ, ಅಂದ್ಲಾ?"

"ನನ್ನ ಬಗ್ಗೆ ಹಾಗಂದ್ಲಾ?"

"ಹೂಂ. ತಲೆ ಇಲ್ಲ ಅಂತಲೂ. ಅದು ನೀನು ಎಂಟನೇ ಕ್ಲಾಸಿನಲ್ಲಿದ್ದಾಗಿಂದ."

"ನಿನಗೆ ಮನಸ್ಸಿಲ್ಲವಂತೆ. ಕಲ್ಲಂತೆ."

ಚಿಕ್ಕವನು ಓಣಿ ಸುತ್ತಿಕೊಂಡು ಅಣ್ಣನ ಕಡೆಗೆ ಬಂದ. ಇಬ್ಬರೂ ನೆಲದ ಮೇಲೆ ಕೂತು ಅಪ್ಪನ ವಾಚಿನಿಂದ ಶುರುಮಾಡಿದರು. ದೊಡ್ಡವನಿಗೆ ತಾಯಿ ಹೇಳಿದ್ದು, ಅದನ್ನು ಚಿಕ್ಕವನು ಹಟ ಮಾಡಿ ಕಿತ್ತುಕೊಂಡನೆಂದು. ಚಿಕ್ಕವನಿಗೆ ಹೇಳಿದ್ದು, ದೊಡ್ಡವನು ಅದನ್ನು ಹಳೇ ಸಾಮಾನೆಂದು ಬೇಡವೆಂದನೆಂದು. ಇಬ್ಬರ ಮದುವೆಯ ಮಾತು ಬಂತು, ಅವರವರ ಹೆಂಡಿರ ಬಗ್ಗೆ ಇನ್ನೊಬ್ಬ ಅಂದನೆನ್ನಲಾದ ಮಾತು ಬಂತು. ಇಪ್ಪತ್ತೆರಡು ಕಾರಣಗಳೂ ಒಂದೊಂದಾಗಿ ತಾಳೆಯಾಗತೊಡಗಿದವು. ಸಂಜೆ ಐದಕ್ಕೆ ದೊಡ್ಡವನ ಒಲೆಯ ಮೇಲೆ ಇಬ್ಬರಿಗೂ ಕಾಫಿ ಆಯಿತು. ತೊಟ್ಟಿಯವನಿಗೆ ಫೋನು ಮಾಡಬೇಕೆಂದು ನೆನಪಾದದ್ದು ಆಮೇಲೆ.

ತೊಟ್ಟಿಯವನು ಬಂದು ಗಾಜಿಗೆ ಉಗುರಿನಿಂದ ಕೆರೆದ. "ಗೋಡೆಗೆ ಸುಣ್ಣ ಹೊಡೆದಿದ್ದು ನೋಡಿದ್ದೆ," ಎಂದ. ಹದಿನೆಂಟು ಹವಳಗಳಲ್ಲಿ ಒಂದೂ ಉಳಿದಿರಲಿಲ್ಲ. ಮೀನು ಮೂರೂ ಸತ್ತು ತಳ ಸೇರಿದ್ದವು.

ಸುದ್ದಿ ಕೇಳಿ ತಾಯಿ ಎರಡು ದಿನ ಮೊದಲೇ ಹೊರಟುಬಂದರು. ಒಳಗೆ ಬಂದಾಗ ತೊಟ್ಟಿ ಅರ್ಧ ಖಾಲಿಯಾಗಿತ್ತು. ಚೀಲ ಹೆಗಲಲ್ಲಿರುವಂತೆಯೇ ನಳಿಕೆಯಲ್ಲಿ ನೀರು ಹಿಡಿದರು. ಎಷ್ಟಾದರೂ ಮೂವತ್ತೊಂದು ವರ್ಷದ ಅಭ್ಯಾಸ.

"ಇಬ್ಬರಿಗೂ ಹೇಳಿದ್ರಾ?" ಎಂದ ತೊಟ್ಟಿಯವನು, ಕೊಳವೆ ಹಿಡಿದು ಬಗ್ಗಿದ್ದವನು ತಲೆ ಎತ್ತದೆ.

"ಒಬ್ಬನಿಗೆ ಹೇಳಿದ್ರೆ ಇನ್ನೊಬ್ಬ ನೊಂದ್ಕೊಳ್ಳಲ್ವೇನಪ್ಪ?"

ಒಳಗಿನ ಅಡುಗೆಮನೆಯಿಂದ ನಗು ಕೇಳಿತು. ಎರಡು ಗಂಡು ದನಿಗಳು, ಒಂದರ ಮೇಲೊಂದು ಬಿದ್ದು. ತಾಯಿಯ ಮುಖ ಅರಳಿತು. "ಮಾತಾಡ್ತಿದಾರೆ," ಎಂದರು, ಯಾರಿಗೂ ಅಲ್ಲ ಎಂಬಂತೆ. ಚೀಲ ಇಳಿಸಿ ಓಣಿಗೆ ಬಂದು, ಬಾಗಿಲ ಮರೆಯಲ್ಲಿ ನಿಂತು, ಇಷ್ಟು ತಿಂಗಳು ಕಾದದ್ದನ್ನು ಕೇಳಿಸಿಕೊಂಡರು.

ದೊಡ್ಡವನು ಹೆಣ್ಣು ದನಿ ಮಾಡಿ ಎಳೆದೆಳೆದು ಹೇಳುತ್ತಿದ್ದ: "ನೀನಿದ್ದೀಯ ಅಂತ ತಾನೇ…"

"…ನಾನು ಬದುಕಿರೋದು," ಎಂದು ಚಿಕ್ಕವನು ಅದೇ ದನಿಯಲ್ಲಿ ಮುಗಿಸಿದ. ಮತ್ತೆ ನಗು. ಸೊಸೆಯಂದಿರೂ ನಕ್ಕರು.

ತಾಯಿ ಒಳಗೆ ಕಾಲಿಟ್ಟಾಗ ನಗು ನಿಂತಿತು. ಚಿಕ್ಕವನು ಎದ್ದು ಕುರ್ಚಿ ಕೊಟ್ಟ. ದೊಡ್ಡವನು ತಂಗಿಯ ಆರೋಗ್ಯ ವಿಚಾರಿಸಿದ. ಎಲ್ಲ ಬಹಳ ಮರ್ಯಾದೆಯಿಂದ ನಡೆಯಿತು.

"ನಾವಿಬ್ರೂ ಮಾತಾಡ್ಕೊಂಡ್ವಿ," ಎಂದ ದೊಡ್ಡವನು. "ಟ್ಯಾಂಕು ಬೇಡ. ಹಜಾರ ಹಾಗೇ ಇರಲಿ, ಗೋಡೆನೂ ಬೇಡ."

"ಒಳ್ಳೇದಾಯ್ತು ಕಣ್ರೋ," ಎಂದರು ತಾಯಿ.

"ನೀನು ಒಂದೆರಡು ತಿಂಗಳು ತಂಗಿ ಮನೇಲಿರು. ಅವಳಿಗೂ ಆಸರೆ. ಆಮೇಲೆ ನೋಡೋಣ," ಎಂದ ಚಿಕ್ಕವನು. "ಇದೂ ಇಬ್ಬರೂ ಮಾತಾಡಿಯೇ."

ಅವರು ಸರಿ ಎಂದರು. ಸೊಸೆ ಕೊಟ್ಟ ಕಾಫಿ ಕುಡಿದು ಕೋಣೆಗೆ ಹೋಗಿ, ಬಿಚ್ಚದ ಚೀಲದಿಂದ ಎರಡು ಸೀರೆ ತೆಗೆದು ಬೇರೆ ಎರಡು ಇಟ್ಟರು. ಸ್ವಲ್ಪ ಹೊತ್ತಿಗೆ ದೊಡ್ಡವನು ಓಣಿಯಲ್ಲಿ ಒಬ್ಬನೇ ಸಿಕ್ಕ, ತೊಟ್ಟಿಯವನ ಕೊಳವೆಯನ್ನು ಸುತ್ತುತ್ತ. ತಾಯಿ ಅತ್ತಿತ್ತ ನೋಡಿ ಅವನ ತೋಳು ಹಿಡಿದರು.

"ನೋಡೋ, ನಿನಗೊಬ್ಬನಿಗೇ ಒಂದು ಮಾತು ಹೇಳ್ಬೇಕು."

ದೊಡ್ಡವನು ಕೊಳವೆ ಕೆಳಗಿಟ್ಟ. ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ; ಲಿಫ್ಟಿನ ಬಾಗಿಲು ಹಿಡಿದು ಇನ್ನೊಬ್ಬರಿಗೆ ಕಾಯುವವನ ಸೌಜನ್ಯವಿತ್ತು.

"ಏ, ಬಾರೋ ಇಲ್ಲಿ," ಎಂದು ಒಳಕ್ಕೆ ಕೂಗಿದ. "ಅಮ್ಮ ಏನೋ ಹೇಳ್ಬೇಕಂತೆ."

ಚಿಕ್ಕವನು ಕೈ ಒರೆಸಿಕೊಳ್ಳುತ್ತ ಬಂದು ಅಣ್ಣನ ಪಕ್ಕದಲ್ಲಿ ನಿಂತ. ಇಬ್ಬರೂ ಕಾದರು. ತಾಯಿ ಒಬ್ಬನ ಮುಖ ನೋಡಿದರು, ಇನ್ನೊಬ್ಬನ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ಕೇಳಬಹುದಾದ ಮಾತೊಂದು ಅವರಿಗೆ ಹೊಳೆಯಲಿಲ್ಲ.