ಶ್ರೀ ಸೊಲೆದಾದ್

ತಾನೇ ಬಾಯಿಬಿಟ್ಟು ಕೇಳುವುದೋ, ಅಣ್ಣನೇ ಕರೆಯುವ ತನಕ ಕಾಯುವುದೋ? ಕೇಳಿದರೆ ಅತ್ತಿಗೆಗೆ ಹೊರೆಯಾದೀತು. ಕೇಳದಿದ್ದರೆ ಅಣ್ಣನ ಹೊಸ ಮನೆಯ ಮಹಡಿಯ ಮೇಲಿನ ಆ ಕೋಣೆ ಬೇರೆ ಯಾರ ಪಾಲಾದರೂ ಆದೀತು. ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿಕೊಂಡು ಹೊನ್ನಯ್ಯ ಇದನ್ನೇ ಮಗುಚಿ ಹಾಕುತ್ತಿದ್ದ.

ಬಿ.ಎ. ಮುಗಿಸಿ ಗುಬ್ಬಿಯ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದ ಹೊಸದರಲ್ಲಿ, ಕೊಬ್ಬರಿ ಮಂಡಿಯ ಮೇಲಿನ ಬಾಡಿಗೆ ಕೋಣೆಯ ಏಕಾಂತ ಅವನಿಗೆ ದೊಡ್ಡ ಸಂಗತಿಯಾಗಿ ಕಂಡಿತ್ತು. ಯಾರಾದರೂ ಮಾತಿಗೆ ಬಂದರೆ ಪುಸ್ತಕ ಬಿಡಿಸಿ ಕೂರುತ್ತಿದ್ದ. ಈಗ ನಲವತ್ತು ದಾಟಿತ್ತು. ಮದುವೆಯ ಮಾತೆತ್ತುವವರೂ ಉಳಿದಿರಲಿಲ್ಲ. ಹೋಟೆಲಿನ ಸಾರು ನಾಲಿಗೆಗೆ ಹತ್ತುತ್ತಿರಲಿಲ್ಲ, ಒಗೆದ ಬಟ್ಟೆಯಿಂದಲೂ ಕೊಬ್ಬರಿಯ ಕಮಟು ಹೋಗುತ್ತಿರಲಿಲ್ಲ. ಸಂಜೆ ಕೋಣೆಯ ಬೀಗ ತೆಗೆಯುವುದಕ್ಕೇ ಕೈ ಸೋಲುತ್ತಿತ್ತು. ಒಳಗೆ ಯಾರಾದರೂ ಪಾತ್ರೆ ಸದ್ದು ಮಾಡುತ್ತಿರುವ ಮನೆಯೊಂದು ಬೇಕೆನಿಸಿತ್ತು.

ಅಣ್ಣ ಗಂಗಹನುಮಯ್ಯ ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸಿ ನಿವೃತ್ತನಾಗಿ, ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ತುಮಕೂರಿನ ಮರಳೂರಿನಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶ ಹತ್ತಿರ ಬಂದಿತ್ತು. ಅಷ್ಟರಲ್ಲಿ ಗೇಟಿನ ಕಂಬಕ್ಕೆ ಹೆಸರಿನ ಕಲ್ಲು ಕೂರಬೇಕಿತ್ತು. ಆ ಬೀದಿಯ ಎಲ್ಲ ಮನೆಗೂ ದೇವರ ಹೆಸರು. ಅಣ್ಣನಿಗೆ ಮಾತ್ರ ‘ಸೊಲೆದಾದ್’ ಆಗಬೇಕಿತ್ತು. ಬ್ಯಾಂಡಿನಲ್ಲಿ ಅವನು ಮೆಚ್ಚಿ ನುಡಿಸುತ್ತಿದ್ದ, ನಿಧಾನವಾಗಿ ಸಾಗುವ ಒಂದು ಸ್ಪ್ಯಾನಿಷ್ ಟ್ಯೂನಿನ ಹೆಸರು ಅದು. ಅರ್ಥ ಗೊತ್ತಿರಲಿಲ್ಲ. ಹುಡುಕಿ ಬಾ ಎಂದು ಓದಿದ ತಮ್ಮನಿಗೆ ಹೇಳಿದ್ದ.

ಹೊನ್ನಯ್ಯ ಹೋದಾಗ ಅಣ್ಣ ಹೊಸ ಕಾಂಪೌಂಡಿಗೆ ನೀರು ಎರಚುತ್ತಿದ್ದ. ಅತ್ತಿಗೆ ಮಹಾಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

“ಬಂದ್ಯೇನ್ಲಾ? ಸಿಕ್ತಾ?”

“ಸಿಕ್ತಣ್ಣ. ಆ ಹೆಸರಿನ ಊರುಗಳೇ ಬೇಕಾದಷ್ಟವೆ. ಮೆಕ್ಸಿಕೋದಲ್ಲಿ, ಕೊಲಂಬಿಯಾದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಟ್ಯೂನೂ ನಿಂದೊಂದೇ ಅಲ್ಲ. ಬೇರೆ ಬೇರೆಯವ್ರು ಅದೇ ಹೆಸ್ರಲ್ಲಿ ಬರ್ದವ್ರೆ.”

“ಅರ್ಥ ಏನಪ್ಪ?” ಎಂದಳು ಅತ್ತಿಗೆ.

“ಒಂಟಿತನ ಅಂತ.”

“ಥೂ, ಬಿಡ್ತು ಅನ್ನು! ನಮ್ ಕುಣಿಗಲ್ ಕಡೆ ದನದ ಕೊಟ್ಟಿಗೆಗೂ ಅಂಥ ಹೆಸ್ರಿಡಲ್ಲ.”

“ಊರಿಗೇ ಇಟ್ಟವ್ರಲ್ಲೇ. ಊರು ತುಂಬ ಜನ ಇಲ್ವಾ?” ಎಂದ ಅಣ್ಣ.

“ಇದ್ರೆ ಅವರ ಹಣೇಬರ. ಲಕ್ಷ್ಮೀ ನಿಲಯ ಅಂತ ಕೆತ್ಸಿ.”

“ನಿನ್ ಹೆಸರು ನೀನೇ ಕೆತ್ಸ್ಕೊಳಕ್ಕೆ ನಾಚಿಕೆ ಆಗಲ್ವೇನೇ?”

ತಮಾಷೆಯೇನೋ ಮಾಡಿದ, ಆದರೆ ಅಣ್ಣನ ಮುಖ ಇಳಿದುಹೋಯಿತು. ಬಕೆಟ್ಟು ಕೆಳಗಿಟ್ಟು ತಮ್ಮನ ಕಡೆ ನೋಡಿದ. ಹೊನ್ನಯ್ಯನಿಗೆ ಆ ನೋಟ ತಡೆಯಲಾಗಲಿಲ್ಲ.

“ಅತ್ತಿಗೆ, ಅದು ಅಲ್ಲಿ ದೇವಿ ಹೆಸರೂ ಹೌದು,” ಎಂದ. “ಮೇರಿ ಮಾತೆ. ಮಗ ಸತ್ತ ಮೇಲೆ ಒಬ್ಬಳೇ ಉಳಿದ್ಲಲ್ಲ, ಆ ರೂಪಕ್ಕೇ ಬೇರೆ ಪೂಜೆ. ಹೆಣ್ಮಕ್ಕಳಿಗೂ ಆ ಹೆಸರಿಡ್ತಾರೆ.”

ಮೊರ ನಿಂತಿತು. “ಅಮ್ನೋರಾ? ಮಗನ್ನ ಕಳ್ಕಂಡೋಳಾ, ಪಾಪ?” ಅತ್ತಿಗೆ ಮೊರವನ್ನು ಪಕ್ಕಕ್ಕಿಟ್ಟಳು. “ಹಂಗಾದ್ರೆ ಮುಂದ್ಗಡೆ ಶ್ರೀ ಹಾಕ್ಸಿ.”

ಅಣ್ಣನ ಹಿಗ್ಗು ಹೇಳತೀರದು. “ಶ್ರೀ ಸೊಲೆದಾದ್!” ಎಂದು ಗೇಟಿನತ್ತ ಕೈ ಚಾಚಿ ಕೂಗಿದ. ತಮ್ಮನ ಬೆನ್ನಿಗೆ ಗುದ್ದಿ, “ನೀನು ಓದಿದ್ದು ಇವತ್ತು ಉಪಯೋಗಕ್ಕೆ ಬಂತು ಕಣೋ,” ಎಂದ.

ಕೇಳುವುದಾದರೆ ಈಗಲೇ ಎಂದುಕೊಂಡ ಹೊನ್ನಯ್ಯ. “ಅಣ್ಣ, ಆ ಮೇಲಿನ ಕೋಣೆ...”

“ಅದಾ? ಬ್ಯಾಂಕಿನ ಸೀತಾರಾಮಯ್ಯ ಅಂತ, ಬಾಡಿಗೆಗೆ ಕೇಳ್ತಾವ್ರೆ. ನಿಮ್ಮತ್ತಿಗೆ ನಿಂಗೇ ಕೊಡಾನ ಅಂದ್ಲು. ನಾನೇ ಬ್ಯಾಡ ಅಂದೆ. ಅವನಿಗೆ ಸದ್ದು ಅಂದ್ರೆ ಆಗಲ್ಲ, ಪುಸ್ತಕ ಹಿಡ್ಕಂಡು ಒಬ್ನೇ ಕೂತಿರ್ಬೇಕು, ನಮ್ಮನೆ ಮಕ್ಳ ಗಲಾಟೇಲಿ ತಂದು ಕೂರ್ಸದ್ರೆ ಹಿಂಸೆ ಅಂದೆ. ಸರಿ ತಾನೆ?”

“ನೀವೇ ಹೇಳ್ಬುಟ್ರೆ ಆಯ್ತಾ?” ಎಂದಳು ಅತ್ತಿಗೆ. “ಅವ್ರಿಗೆ ಇನ್ನೂ ಮಾತು ಕೊಟ್ಟಿಲ್ಲ ಹೊನ್ನಯ್ಯ. ಬೇಕು ಅಂದ್ರೆ ಹೇಳಪ್ಪ.”

“ಅವನೆಲ್ಲಿ ಬರ್ತಾನೆ ಬುಡು. ಒಂಟಿ ಸಲಗ ಕಣೇ ಅವನು. ಆ ಹೆಸರು ಅವನ ಬಾಗಿಲಿಗೇ ಹಾಕ್ಬೇಕಿತ್ತು!” ಅಣ್ಣ ಮನಸಾರೆ ನಕ್ಕ. ಅದರಲ್ಲಿ ಕುಹಕವಿರಲಿಲ್ಲ. ತಮ್ಮನನ್ನು ತನ್ನಷ್ಟು ಬಲ್ಲವರಿಲ್ಲ ಎಂಬ ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ಸುಳ್ಳು ಮಾಡಲು ಬೇಕಾದ ಕಸುವು ಹೊನ್ನಯ್ಯನಲ್ಲಿ ಅಂದು ಉಳಿದಿರಲಿಲ್ಲ.

“ಕಿಟಕಿಗೆ ಯಾವ ಬಣ್ಣ ಹೊಡಿಸ್ತೀಯ ಅಂತ ಕೇಳಕ್ಕೆ ಬಂದೆ, ಅಷ್ಟೆ,” ಎಂದ.

“ಹಸಿರು,” ಎಂದ ಅಣ್ಣ.

ಹಾಲುಕ್ಕಿತು, ಊಟವಾಯಿತು, ಸೀತಾರಾಮಯ್ಯನವರ ಸಂಸಾರ ಮಹಡಿಗೆ ಬಂತು. ಬೀದಿಯವರು ‘ಶ್ರೀ ಸೊಲೆದಾದ್’ ಯಾವ ಊರಿನ ಅಮ್ಮ ಎಂದು ಕೇಳಿದರೆ ಅತ್ತಿಗೆ ಮೇರಿಯ ಕತೆಯನ್ನು ಕಣ್ಣೊರೆಸಿಕೊಂಡು ಹೇಳುತ್ತಿದ್ದಳು. ಹೊನ್ನಯ್ಯ ಹಬ್ಬಕ್ಕೆ ಬಂದು, ಉಂಡು, ಮಧ್ಯಾಹ್ನದ ಬಸ್ಸಿಗೆ ಗುಬ್ಬಿಗೆ ಹೊರಡುತ್ತಿದ್ದ. ಇನ್ನೊಂದು ದಿನ ಇರು ಎಂದು ಅಣ್ಣ ಒತ್ತಾಯ ಮಾಡುತ್ತಿರಲಿಲ್ಲ. ಅದು ಅವನು ತಮ್ಮನಿಗೆ ತೋರಿಸುತ್ತಿದ್ದ ಮರ್ಯಾದೆ. ಎಂಬತ್ತಾರನೆಯ ಇಸವಿಯಲ್ಲಿ ಅಣ್ಣ ತೀರಿಕೊಂಡ. ಆ ಕೋಣೆ ತನಗೆ ಬೇಕಿತ್ತು ಎಂದು ಹೊನ್ನಯ್ಯ ಅವನಿಗೆ ಹೇಳಲೇ ಇಲ್ಲ.